ಗಾಜಿನ ಭರಣಿಯೊಳಗೆ ನಮ್ಮ ಚರಿತ್ರೆ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯ ಮೆದುಳು ಸಂಗ್ರಹಾಲಯವನ್ನು ನೋಡಲು ನಾವು ದಾವಣಗೆರೆಯಿಂದ ಹೊರಟಾಗ ತಂಡದಲ್ಲಿ ಇಪ್ಪತ್ತೆರಡು ಮಂದಿ ಇದ್ದೆವು. ಹೆಚ್ಚಿನವರು ಹೈಸ್ಕೂಲು ಮಕ್ಕಳು. ಅವರ ತಂದೆ ತಾಯಿ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರು. ಜೊತೆಗೆ ಇಬ್ಬರು ಶಿಕ್ಷಕಿಯರು, ಹರಿಹರದ ಒಬ್ಬ ನಿವೃತ್ತ ಕಂಪೌಂಡರ್, ಮತ್ತು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಬಾಳಿನ ಬಹುಪಾಲು ಕಳೆದ, ಮೊಹಲ್ಲಾದವರೆಲ್ಲ 'ಚಾಚಾ' ಎಂದು ಕರೆಯುವ ಹಿರಿಯರೊಬ್ಬರು. ಚಾಚಾ ಬರುವುದು ಬೇಡ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ ಎಂದು ಮನೆಯವರು ಹೇಳಿದ್ದರು. ಅವರು ಕೇಳಲಿಲ್ಲ.

ಒಳಗೆ ಸಾಲು ಸಾಲಾಗಿ ಭರಣಿಗಳು. ಔಷಧ ದ್ರವದಲ್ಲಿ ಇರಿಸಿದ ಮನುಷ್ಯರ ಮೆದುಳುಗಳು. ಪಾರ್ಶ್ವವಾಯು ಬಡಿದದ್ದು, ಗಡ್ಡೆ ಬೆಳೆದದ್ದು, ಮರೆವಿನ ಕಾಯಿಲೆಯಿಂದ ಕುಗ್ಗಿದ್ದು, ಅಪಘಾತದಲ್ಲಿ ಜಜ್ಜಿದ್ದು. ವಿವರಿಸಲು ನಿಂತ ತರುಣಿ ಕನ್ನಡದಲ್ಲಿಯೇ ಮಾತನಾಡಿದರು. ಮಕ್ಕಳು ಮೊದಲು ಹೆದರಿದರು, ಆಮೇಲೆ ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ಬಂದರು. ಆಗ ಒಬ್ಬ ಹುಡುಗ ಭರಣಿಯೊಂದನ್ನು ತೋರಿಸಿ ಕೇಳಿದ:

"ಮೇಡಂ, ಇದು ಯಾರ್ದು?"

"ಹೆಸರು ಹೇಳೋ ಹಾಗಿಲ್ಲಪ್ಪ. ಮನೆಯವರು ಒಪ್ಪಿ ಕೊಟ್ಟಿದ್ದಾರೆ" ಎಂದರು ಅವರು.

ಹುಡುಗನಿಗೆ ಸಮಾಧಾನವಾದಂತೆ ಕಾಣಲಿಲ್ಲ. ನಮಗೂ ಆಗಲಿಲ್ಲ. ವೈದ್ಯ ಚರಿತ್ರೆಯ ಸಂಗ್ರಹಾಲಯಗಳ ಬಾಗಿಲು ಸಾಮಾನ್ಯ ಜನರಿಗೆ ತೆರೆದ ಬಗೆಯನ್ನು ಕುರಿತು ಬರೆಯಬೇಕೆಂದು ಕುಳಿತಾಗಲೆಲ್ಲ ಆ ಪ್ರಶ್ನೆಯೇ ಮೊದಲು ಎದುರಾಗುತ್ತದೆ.

ನಿಮ್ಹಾನ್ಸ್‌ನ ಇತಿಹಾಸ ದೀರ್ಘವಾದದ್ದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೆಂಗಳೂರಿನಲ್ಲಿದ್ದ ಹುಚ್ಚಾಸ್ಪತ್ರೆ (ಅಂದಿನ ಹೆಸರೇ ಅದು) ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಪಕ್ಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ಇಂದಿನ ನಿಮ್ಹಾನ್ಸ್ ಆಯಿತು. ಅಲ್ಲಿನ ನರರೋಗಶಾಸ್ತ್ರ ವಿಭಾಗದಲ್ಲಿ ಡಾ. ಎಸ್.ಕೆ. ಶಂಕರ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಕೂಡಿಟ್ಟ ಮಾದರಿಗಳೇ ಈ ಸಂಗ್ರಹಾಲಯದ ಆಸ್ತಿ. 1995ರಲ್ಲಿ ಅಲ್ಲಿ ಸಂಶೋಧನೆಗಾಗಿ ಮೆದುಳಿನ ಬ್ಯಾಂಕ್ ಕೂಡ ಆರಂಭವಾಯಿತು. ಇಂಥ ಸಂಗ್ರಹಗಳು ಎಲ್ಲ ವೈದ್ಯಕೀಯ ಕಾಲೇಜುಗಳಲ್ಲೂ ಇರುತ್ತವೆ. ವಿದ್ಯಾರ್ಥಿಗಳ ಕಲಿಕೆಗಾಗಿ ಅವು ಇರಲೇಬೇಕೆಂಬ ನಿಯಮವಿದೆ. ಆದರೆ ವಾರದಲ್ಲಿ ಗೊತ್ತಾದ ದಿನ, ಗೊತ್ತಾದ ಹೊತ್ತಿನಲ್ಲಿ ಬಾಗಿಲು ತೆರೆದು, ಯಾರು ಬೇಕಾದರೂ ಬನ್ನಿ, ನೋಡಿ, ಕೈಗವಸು ಹಾಕಿಕೊಂಡು ಮುಟ್ಟಿ ಎಂದು ಜನರನ್ನು ಕರೆದದ್ದೇ ನಿಮ್ಹಾನ್ಸ್‌ನ ವಿಶೇಷ. ಮಣಿಪಾಲದ ಅಂಗರಚನಾ ಮತ್ತು ರೋಗಶಾಸ್ತ್ರ ಸಂಗ್ರಹಾಲಯವೂ ಹೀಗೆಯೇ ಸಾರ್ವಜನಿಕರಿಗೆ ತೆರೆದಿದೆ. ಕರಾವಳಿಗೆ ಪ್ರವಾಸ ಹೋಗುವ ಶಾಲಾ ಮಕ್ಕಳು ಅಲ್ಲಿ ಆನೆಯ ಅಸ್ಥಿಪಂಜರವನ್ನು ಬೆರಗಿನಿಂದ ನೋಡಿ ಬರುತ್ತಾರೆ.

ಮೆದುಳನ್ನು ಕೈಯಲ್ಲಿ ಹಿಡಿದ ಹುಡುಗಿಯೊಬ್ಬಳು "ಇಷ್ಟೇನಾ?" ಎಂದಳು. ಸುಮಾರು ಒಂದೂಕಾಲು, ಒಂದೂವರೆ ಕಿಲೋ ತೂಗುವ ವಸ್ತು ಅದು.

ಆ ದಿನ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಬೇರೊಂದು ಮಾದರಿ. ಮೆದುಳಿನ ತುಂಬ ಜೋಳದ ಕಾಳಿನ ಗಾತ್ರದ ತೂತುಗಳು. ಲಾಡಿ ಹುಳುವಿನ ಮರಿಗಳು ಮನೆ ಮಾಡಿದ್ದ ಗೂಡುಗಳಿವು ಎಂದು ವಿವರಿಸಿದರು. ಫಿಟ್ಸ್ ಬರುವುದಕ್ಕೆ ನಮ್ಮ ದೇಶದಲ್ಲಿ ಇದೊಂದು ಮುಖ್ಯ ಕಾರಣ. ಲಾಡಿ ಹುಳು ಹಂದಿಯಿಂದ ಬರುವುದಲ್ಲವೇ, ನಾವು ಅದನ್ನು ತಿನ್ನುವುದೇ ಇಲ್ಲವಲ್ಲ ಎಂದು ಶಿಕ್ಷಕಿಯೊಬ್ಬರು ಕೇಳಿದರು. ನಮ್ಮಲ್ಲಿ ಅನೇಕರ ತಿಳಿವಳಿಕೆ ಇದೇ. ಆದರೆ ಉತ್ತರ ನಮ್ಮ ಕಣ್ಣು ತೆರೆಸಿತು. ಹಂದಿ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವನ ಕರುಳಿನಲ್ಲಿ ಹುಳು ಬೆಳೆಯುತ್ತದೆ, ನಿಜ. ಅದರ ಮೊಟ್ಟೆಗಳು ಅವನ ಮಲದೊಂದಿಗೆ ಹೊರಬಂದು ಮಣ್ಣು, ಚರಂಡಿ ನೀರು, ಆ ನೀರಿನಲ್ಲಿ ಬೆಳೆದ ಸೊಪ್ಪು ಮತ್ತು ತರಕಾರಿಯನ್ನು ಸೇರುತ್ತವೆ. ತೊಳೆಯದ ಕೊತ್ತಂಬರಿ ಸೊಪ್ಪಿನ ಮೂಲಕ ಅವು ಯಾರ ಹೊಟ್ಟೆಯನ್ನಾದರೂ ಹೊಕ್ಕು ಮೆದುಳನ್ನು ತಲುಪಬಲ್ಲವು. ಮುಸ್ಲಿಮರಿರಲಿ, ಜೀವನವಿಡೀ ಮಾಂಸವನ್ನೇ ಮುಟ್ಟದ ಸಸ್ಯಾಹಾರಿಗಳಿರಲಿ, ಈ ರೋಗಕ್ಕೆ ಭೇದವಿಲ್ಲ. ಪ್ರಶ್ನೆ ಊಟದ ತಟ್ಟೆಯದ್ದಲ್ಲ, ಶೌಚಾಲಯದ್ದು, ಚರಂಡಿಯದ್ದು. ಫಿಟ್ಸ್ ಬಂದವರಿಗೆ ಕಬ್ಬಿಣ ಹಿಡಿಸುವ, ಮಾಟ ತೆಗೆಸುವ ಅಭ್ಯಾಸ ಇಂದಿಗೂ ಉಳಿದಿರುವ ಓಣಿಗಳ ಮಕ್ಕಳು ಇದನ್ನು ಕಣ್ಣಾರೆ ಕಂಡರು. ಹತ್ತು ಭಾಷಣ ಮಾಡದ ಕೆಲಸವನ್ನು ಒಂದು ಭರಣಿ ಮಾಡಿತು ಎಂದರೆ ಅತಿಶಯೋಕ್ತಿಯಾಗಲಾರದು.

ಆದರೂ ಆ ಹುಡುಗನ ಪ್ರಶ್ನೆ ಹಾಗೆಯೇ ಇದೆ. ಇದು ಯಾರದು?

ಯುರೋಪಿನ ಹಳೆಯ ವೈದ್ಯಕೀಯ ಸಂಗ್ರಹಾಲಯಗಳ ಚರಿತ್ರೆಯನ್ನು ಓದಿದರೆ ಈ ಪ್ರಶ್ನೆ ಎಷ್ಟು ನೋವಿನದ್ದೆಂದು ತಿಳಿಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಚಾರ್ಲ್ಸ್ ಬೈರ್ನ್ ಎಂಬ ಅತಿ ಎತ್ತರದ ಐರಿಷ್ ಮನುಷ್ಯ ಲಂಡನ್ನಿನಲ್ಲಿ ತನ್ನ ದೇಹವನ್ನು ಪ್ರದರ್ಶಿಸಿ ಹೊಟ್ಟೆ ಹೊರೆಯುತ್ತಿದ್ದ. ಸತ್ತ ಮೇಲೆ ವೈದ್ಯರ ಕೈಗೆ ಸಿಗಬಾರದೆಂದು, ತನ್ನನ್ನು ಸಮುದ್ರದಲ್ಲಿ ಮುಳುಗಿಸಬೇಕೆಂದು ಅವನು ಬಯಸಿದ್ದನೆಂದು ಹೇಳುತ್ತಾರೆ. 1783ರಲ್ಲಿ ಅವನು ಸತ್ತಾಗ ಶಸ್ತ್ರವೈದ್ಯ ಜಾನ್ ಹಂಟರ್ ಆ ದೇಹವನ್ನು ಹಣ ತೆತ್ತು ಪಡೆದ. ಎರಡು ಶತಮಾನಗಳಿಗೂ ಹೆಚ್ಚು ಕಾಲ ಅವನ ಅಸ್ಥಿಪಂಜರ ಹಂಟರ್‌ನ ಹೆಸರಿನ ಸಂಗ್ರಹಾಲಯದಲ್ಲಿ ನಿಂತಿತ್ತು. 2023ರಲ್ಲಿ ಆ ಸಂಗ್ರಹಾಲಯ ನವೀಕರಣ ಮುಗಿಸಿ ಮತ್ತೆ ತೆರೆದಾಗ ಅದನ್ನು ಪ್ರದರ್ಶನದಿಂದ ತೆಗೆಯಲಾಗಿತ್ತು.

ನಮ್ಮಲ್ಲಿ ಕಥೆ ಇಷ್ಟು ನಾಟಕೀಯವಾಗಿಲ್ಲ. ಕರ್ನಾಟಕದಲ್ಲಿ 1957ರ ಅಂಗರಚನಾ ಕಾಯ್ದೆಯ ಪ್ರಕಾರ ವಾರಸುದಾರರಿಲ್ಲದ ಶವಗಳು ವೈದ್ಯಕೀಯ ಕಾಲೇಜಿಗೆ ಹೋಗುತ್ತವೆ. ವಾರಸುದಾರರಿಲ್ಲದೆ ಸಾಯುವವರು ಯಾರು? ರೈಲು ನಿಲ್ದಾಣದಲ್ಲಿ ಮಲಗಿದವನು, ಕೂಲಿಗೆಂದು ದೂರದಿಂದ ಬಂದವನು, ಮನೆಯಿಂದ ಹೊರದೂಡಲ್ಪಟ್ಟ ಮುದುಕಿ. ವೈದ್ಯವಿದ್ಯೆ ಬೆಳೆದದ್ದು ಬಡವರ ದೇಹದ ಮೇಲೆ. ಈಗ ದೇಹದಾನ ಮಾಡುವ ಸಹೃದಯರು ಹೆಚ್ಚುತ್ತಿದ್ದಾರೆ, ಅದು ಬೇರೆ ಮಾತು. ಯಾರ ದೇಹದಿಂದ ವಿದ್ಯೆ ಬೆಳೆಯಿತೋ ಅವರಿಗೆ ಆ ವಿದ್ಯೆಯ ಬಾಗಿಲು ತೆರೆಯುವುದನ್ನು ಉಪಕಾರವೆಂದು ನಾವು ಕರೆಯಲಾರೆವು. ಅದು ಸಾಲ ತೀರಿಸುವ ಕೆಲಸ.

ಹೆಸರಿಲ್ಲದವರ ಈ ಚರಿತ್ರೆಯಲ್ಲಿ ಅಪರೂಪಕ್ಕೆ ಒಂದು ಹೆಸರು ಉಳಿದಿದೆ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನ ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯ ಮಲೇರಿಯಾ ಸೊಳ್ಳೆಯಿಂದ ಹರಡುವುದೇ ಎಂದು ಹುಡುಕುತ್ತಿದ್ದ. ಇದಕ್ಕೆ ಮೊದಲು, 1895ರಿಂದ ಕೆಲಕಾಲ, ಕಾಲರಾ ಹಾವಳಿಯಿದ್ದ ಬೆಂಗಳೂರಿನಲ್ಲಿ ನೈರ್ಮಲ್ಯದ ಕೆಲಸ ನೋಡಿಕೊಂಡವನೂ ಅವನೇ. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಹಣಕ್ಕಾಗಿ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದ. ಒಂದು ಸೊಳ್ಳೆಗೆ ಒಂದು ಆಣೆ. ಹತ್ತು ಸೊಳ್ಳೆ, ಹತ್ತು ಆಣೆ. ಅವನ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ ಆಗಸ್ಟ್ 20ರಂದು ರಾಸ್ ಮಲೇರಿಯಾದ ಕುರುಹನ್ನು ಕಂಡ. 1902ರಲ್ಲಿ ರಾಸ್‌ಗೆ ನೊಬೆಲ್ ಬಹುಮಾನ ಬಂತು. ಹುಸೇನ್ ಖಾನ್ ಆಮೇಲೆ ಗುಣವಾದನೋ, ಮಕ್ಕಳಿದ್ದರೋ, ಎಲ್ಲಿ ದಫನ್ ಆದನೋ, ಪುಸ್ತಕಗಳು ಹೇಳುವುದಿಲ್ಲ. ಬೇಗಂಪೇಟೆಯ ಆ ಕಟ್ಟಡ ಈಗ ರಾಸ್‌ನ ಹೆಸರಿನ ಸ್ಮಾರಕ. ಅದೇ ಹೈದರಾಬಾದಿನಲ್ಲಿ 1950ರ ದಶಕದಿಂದ ವೈದ್ಯಕೀಯ ಇತಿಹಾಸಕ್ಕೆಂದೇ ಮೀಸಲಾದ ಸಂಸ್ಥೆಯೊಂದಿದೆ. ಡಾ. ಡಿ.ವಿ. ಸುಬ್ಬಾರೆಡ್ಡಿಯವರ ಶ್ರಮದಿಂದ ಬೆಳೆದ ಆ ಸಂಸ್ಥೆ ಆಯುರ್ವೇದ ಮತ್ತು ಯುನಾನಿ ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಒಂದೇ ಸೂರಿನಡಿ ಕಾಯುತ್ತಿದೆ.

ಹೊರದೇಶಗಳಲ್ಲಿ ಇನ್ನೂ ಸೊಗಸಾದ ಉದಾಹರಣೆಗಳಿವೆ. ದಮಾಸ್ಕಸ್‌ನಲ್ಲಿ ನೂರುದ್ದೀನ್ 1154ರಲ್ಲಿ ಕಟ್ಟಿಸಿದ ಬೀಮಾರಿಸ್ತಾನ್, ಅಂದರೆ ಆಸ್ಪತ್ರೆ, 1978ರಲ್ಲಿ ಅರಬ್ ವೈದ್ಯ ಹಾಗೂ ವಿಜ್ಞಾನದ ಸಂಗ್ರಹಾಲಯವಾಯಿತು. ತುರ್ಕಿಯ ಎದಿರ್ನೆಯಲ್ಲಿ ಎರಡನೇ ಬಾಯಜೀದ್ ಸುಲ್ತಾನ 1488ರಲ್ಲಿ ಪೂರ್ಣಗೊಳಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಸಂಗೀತ ಮತ್ತು ನೀರಿನ ಸದ್ದಿನಿಂದ ಚಿಕಿತ್ಸೆ ಕೊಡುತ್ತಿದ್ದರು. ಅದನ್ನು ಈಗ ಆರೋಗ್ಯ ಸಂಗ್ರಹಾಲಯವನ್ನಾಗಿ ಮಾಡಿ, ಹಕೀಮರು ರೋಗಿಗಳನ್ನು ನೋಡುವ ದೃಶ್ಯಗಳನ್ನು ಬೊಂಬೆಗಳಲ್ಲಿ ತೋರಿಸುತ್ತಾರೆ. 2004ರಲ್ಲಿ ಅದಕ್ಕೆ ಯುರೋಪಿನ ಮಂಡಳಿಯ ಸಂಗ್ರಹಾಲಯ ಪ್ರಶಸ್ತಿ ಸಿಕ್ಕಿತು.

ಜನರನ್ನು ವೈದ್ಯದ ಬಳಿಗೆ ಕರೆತರುವ ಯತ್ನ ನಮ್ಮ ನಾಡಿನಲ್ಲಿಯೂ ಹೊಸದಲ್ಲ. ಎಡ್ವರ್ಡ್ ಜೆನ್ನರ್‌ನ ಸಿಡುಬಿನ ಲಸಿಕೆ 1802ರಲ್ಲಿ ಭಾರತಕ್ಕೆ ಬಂತು. ಹಸುವಿನ ರೋಗದ ರಸವನ್ನು ಮೈಗೆ ಏರಿಸಿಕೊಳ್ಳಲು ಜನ ಹಿಂಜರಿದದ್ದು ಸಹಜ. 1806ರಲ್ಲಿ ಮೈಸೂರು ಅರಮನೆಯ ರಾಣಿ ದೇವಾಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡರು. ದಿವಾನ್ ಪೂರ್ಣಯ್ಯನವರ ಆಡಳಿತ ಅದನ್ನು ಊರಿಗೆಲ್ಲ ಸಾರಿತು. ಆ ಕಾಲದಲ್ಲಿ ಥಾಮಸ್ ಹಿಕಿ ಬರೆದ, ಮೂವರು ರಾಣಿಯರ ವರ್ಣಚಿತ್ರವೊಂದಿದೆ. ಅದರಲ್ಲೊಬ್ಬಳು ಸೆರಗು ಸರಿಸಿ ತೋಳು ತೋರಿಸುವುದು ಲಸಿಕೆಯ ಗುರುತನ್ನು ಕಾಣಿಸಲೆಂದೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಈ ವಾದ ನಿಜವಾದರೆ, ಕನ್ನಡ ನಾಡಿನ ಮೊದಲ ಆರೋಗ್ಯ ಪ್ರಚಾರದ ಚಿತ್ರ ಅದೇ ಇರಬೇಕು!

ಆದರೆ ರಾಣಿಯ ತೋಳು ತೋರಿಸಿದರೆ ಮಾತ್ರ ಜನರ ನಂಬಿಕೆ ಸಿಗುವುದಿಲ್ಲ. 1898ರ ಪ್ಲೇಗನ್ನು ನೋಡಿ. ಹುಬ್ಬಳ್ಳಿಯಲ್ಲಿ ಹಬ್ಬಿದ ಪಿಡುಗು ಆ ಆಗಸ್ಟ್‌ನಲ್ಲಿ ರೈಲಿನಲ್ಲಿ ಬೆಂಗಳೂರು ತಲುಪಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲು ತುಂಗಭದ್ರೆಯನ್ನು ದಾಟಿ ಮೈಸೂರು ಸಂಸ್ಥಾನವನ್ನು ಹೊಕ್ಕುವುದೇ ಹರಿಹರದಲ್ಲಿ. ಮುಂದಿನ ಊರು ದಾವಣಗೆರೆ. 1868ರಲ್ಲಿ ಕಟ್ಟಿದ ಹದಿನಾಲ್ಕು ಕಮಾನುಗಳ ಕಲ್ಲಿನ ಸೇತುವೆಯ ಮೇಲೆ ಬೆಂಗಳೂರು, ಧಾರವಾಡಗಳ ನಡುವಿನ ಗಾಡಿಗಳೆಲ್ಲ ಓಡಾಡುತ್ತಿದ್ದವು. ಹತ್ತಿ, ಧಾನ್ಯದ ಮೂಟೆ ಎಲ್ಲಿಗೋ ಇಲಿಯೂ ಅಲ್ಲಿಗೆ. ರೋಗ ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆಂದು ಫ್ರೆಂಚ್ ವೈದ್ಯ ಸಿಮೊಂಡ್ 1898ರಲ್ಲಿಯೇ ಹೇಳಿದ್ದರೂ ಅಧಿಕಾರಿಗಳು ಅದನ್ನು ಒಪ್ಪಲು ವರ್ಷಗಳೇ ಬೇಕಾದವು. ಅಲ್ಲಿಯವರೆಗೆ ಅವರು ಮಾಡಿದ್ದು ಮನೆ ನುಗ್ಗುವುದು, ಸಾಮಾನು ಸುಡುವುದು, ರೋಗಿಗಳನ್ನು ಮನೆಯವರಿಂದ ಬೇರ್ಪಡಿಸಿ ಶೆಡ್ಡಿಗೆ ಸಾಗಿಸುವುದು, ಗೋಷಾದ ಹೆಂಗಸರನ್ನೂ ಬಿಡದೆ ತಪಾಸಣೆ ಮಾಡುವುದು. ಪುಣೆಯಲ್ಲಿ 1897ರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯಾಯಿತು. ನಮ್ಮಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ 1898ರಲ್ಲಿ ಜನ ದಂಗೆಯೆದ್ದರು. ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡ ದಿನಗಳ ಮಾತು ನಮ್ಮ ಅಜ್ಜಿಯರ ಬಾಯಲ್ಲಿತ್ತು. ಈಗ ಆ ಅಜ್ಜಿಯರೂ ಇಲ್ಲ.

1920ರ ದಶಕದ ಕೊನೆಗೆ ಮೈಸೂರು ಸರ್ಕಾರ ಬೇರೆ ದಾರಿ ಹಿಡಿಯಿತು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಸಾರ್ವಜನಿಕ ಆರೋಗ್ಯದ ಕೆಲಸ ಬಲಗೊಂಡಿತು. ಮಲೇರಿಯಾ ಅಧ್ಯಯನಕ್ಕೆ ಆಯ್ದ ಊರುಗಳಲ್ಲಿ ನಮ್ಮ ಹಳೆಯ ಚಿತ್ರದುರ್ಗ ಜಿಲ್ಲೆಯ ಹಿರಿಯೂರೂ ಒಂದು. (ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.) ಮ್ಯಾಜಿಕ್ ಲ್ಯಾಂಟರ್ನ್ ಹಿಡಿದು ಸೊಳ್ಳೆ, ನೊಣ, ಕೊಕ್ಕೆ ಹುಳುಗಳ ಚಿತ್ರಗಳನ್ನು ಹಳ್ಳಿಯ ಗೋಡೆಗಳ ಮೇಲೆ ಮೂಡಿಸುವುದು ಆ ಕಾಲದ ಆರೋಗ್ಯ ಪ್ರಚಾರದ ಕ್ರಮವಾಗಿತ್ತು. ಇಂದಿನ ಸಂಗ್ರಹಾಲಯಗಳು ಜನರ ನಡುವೆ ನಡೆಸುವ ಕಾರ್ಯಕ್ರಮಗಳ ಬೇರು ಅಲ್ಲಿದೆ ಎಂದು ನಮಗೆ ತೋರುತ್ತದೆ.

ಆ ನಂಬಿಕೆ ಎಷ್ಟು ಬೇಗ ಮುರಿಯಬಲ್ಲದು ಎಂಬುದನ್ನು ನಾವು 2020ರ ಬೇಸಿಗೆಯಲ್ಲಿ ಕಂಡೆವು. ದಾವಣಗೆರೆಯ ಬಾಷಾ ನಗರ, ಜಾಲಿನಗರಗಳು ಸೀಲ್‌ಡೌನ್ ಆದಾಗ ತಗಡಿನ ಶೀಟಿನ ಒಳಗಿನವರು ಹೊರಗಿನವರನ್ನೂ ಹೊರಗಿನವರು ಒಳಗಿನವರನ್ನೂ ಸಂಶಯದಿಂದ ನೋಡಿದರು. ರೋಗಕ್ಕೊಂದು ಧರ್ಮವನ್ನು ಅಂಟಿಸುವ ಮಾತುಗಳು ದೇಶದ ತುಂಬ ಹರಿದಾಡಿದವು. ಒಳಗಿದ್ದವರಲ್ಲಿ ಎಷ್ಟೋ ಮಂದಿ ಪರೀಕ್ಷೆಗೆ ಹೆದರಿ ಅವಿತರು. ಆಶಾ ಕಾರ್ಯಕರ್ತೆಯರ ಮೇಲೆ ಸಿಟ್ಟು ತೋರಿಸಿದವರೂ ಇದ್ದರು. ಅದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ 1898ರ ಕಥೆಯನ್ನು ಗೊತ್ತು ಮಾಡಿಕೊಂಡಿದ್ದರೆ ಎರಡೂ ಕಡೆಯವರು ಒಂದಿಷ್ಟು ಬೇರೆ ರೀತಿ ನಡೆದುಕೊಳ್ಳುತ್ತಿದ್ದರೇನೋ ಎಂದು ನಮಗೆ ಅನ್ನಿಸುತ್ತದೆ.

ಬೆಂಗಳೂರಿನಿಂದ ಮರಳುವ ರೈಲಿನಲ್ಲಿ ನಮ್ಮ ಮಾತು ಇದರ ಸುತ್ತಲೇ ನಡೆಯಿತು. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ, ಆಮೇಲೆ ಇನ್ನೊಂದು ಬಂದಿದೆ, ಚಿಗಟೇರಿ ಆಸ್ಪತ್ರೆಗೆ ಸುತ್ತಲಿನ ತಾಲ್ಲೂಕುಗಳ ಜನವೆಲ್ಲ ಬರುತ್ತಾರೆ. ವೈದ್ಯರಿಗೆ ಕೊರತೆಯಿಲ್ಲದ ಊರಿದು. ಆದರೆ ಈ ಊರಿನ ರೋಗಗಳ ಚರಿತ್ರೆ? ಹರಿಹರದ ಕಂಪೌಂಡರ್ ಸಾಹೇಬರು ಒಂದೊಂದಾಗಿ ನೆನಪಿಸಿದರು. 1801ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಸ್ವತಃ ವೈದ್ಯ. ದಾವಣಗೆರೆಯ ಕಂಬಳಿ ವ್ಯಾಪಾರದ ಬಗ್ಗೆ ಮನಸ್ಸಿಟ್ಟು ಬರೆದವನು. 1865ರವರೆಗೆ ಹರಿಹರದ ಹತ್ತಿರ ಸೇನೆಯ ದಂಡು ಇತ್ತು. ಊರಿಗೆ ಬೇನೆ ಬಾರದಿರಲೆಂದು ಹರಕೆ ಹೊರುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಯೂ, ಸೆಪ್ಟೆಂಬರ್ 8ರಂದು ಎಲ್ಲ ಧರ್ಮದವರೂ ಮೇಣದ ಬತ್ತಿ ಹಿಡಿದು ಹೋಗುವ ಹರಿಹರದ ಆರೋಗ್ಯ ಮಾತೆಯ ಚರ್ಚೂ ಈ ಚರಿತ್ರೆಯ ಪುಟಗಳೇ. ಕಾಯಿಲೆ ಬಿದ್ದ ಮನುಷ್ಯ ಯಾವ ಬಾಗಿಲನ್ನೂ ಬಿಡದೆ ತಟ್ಟುತ್ತಾನೆ. 1972ರಲ್ಲಿ ನದಿಯಾಚೆ ಕುಮಾರಪಟ್ಟಣದಲ್ಲಿ ನಾರಿನ ಕಾರ್ಖಾನೆ ಬಂತು. ತುಂಗಭದ್ರೆಯ ನೀರು ಕೆಡುತ್ತಿದೆ ಎಂದು 1984ರಿಂದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ನದಿದಂಡೆಯ ಹಳ್ಳಿಗರು ಹೋರಾಟ ಮಾಡಿದರು. ಅದೂ ಆರೋಗ್ಯದ ಇತಿಹಾಸವಲ್ಲದೆ ಮತ್ತೇನು?

ಚಾಚಾ ಇದೆಲ್ಲವನ್ನೂ ಸುಮ್ಮನೆ ಕೇಳುತ್ತಿದ್ದರು. ಅವರು ಬಾಯಿ ತೆರೆದದ್ದು ಹತ್ತಿ ಗಿರಣಿಯ ಮಾತು ಬಂದಾಗ. 1930ರ ದಶಕದಿಂದ ದಾವಣಗೆರೆಯಲ್ಲಿ ಒಂದರ ಹಿಂದೊಂದು ಗಿರಣಿಗಳು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂತು. "ಆದಿತ್ಯವಾರ ರಜಾ ಮುಗಿಸಿ ಸೋಮವಾರ ಒಳಗೆ ಹೋದ್ರೆ ಎದೆ ಹಿಡಿಯೋದು. ಮಂಗಳವಾರ, ಬುಧವಾರ ಸ್ವಲ್ಪ ಬಿಡೋದು. ನಾವು ರಜಾದ ಸೋಮಾರಿತನ ಅಂದ್ಕೊಂಡಿದ್ವಿ" ಎಂದರು. ಚಾಚಾ ಹೇಳಿದ್ದು ವೈದ್ಯಗ್ರಂಥಗಳಲ್ಲಿ ಇರುವ ವಿವರವೇ. ಹತ್ತಿಯ ದೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗದ ಮೊದಲ ಗುರುತೇ ಸೋಮವಾರದ ಎದೆ ಬಿಗಿತ. ವರ್ಷಗಳು ಉರುಳಿದಂತೆ ಅದು ವಾರದ ಎಲ್ಲ ದಿನವೂ ಉಳಿದುಬಿಡುತ್ತದೆ. ಗಿರಣಿಗಳು ಮುಚ್ಚಿದವು, ಚಿಮಣಿಗಳನ್ನು ಕೆಡವಿದರು, ದೂಳು ಮಾತ್ರ ಕಾರ್ಮಿಕರ ಎದೆಯಲ್ಲಿಯೇ ಉಳಿಯಿತು. ಇವತ್ತು ಅವರ ಮೊಮ್ಮಕ್ಕಳ ಕಾಲದಲ್ಲಿ ಮಂಡಕ್ಕಿ ಭಟ್ಟಿಯ ಹೊಗೆ. ಹೊಟ್ಟು ಉರಿಸುತ್ತಾರೆ, ಕೆಲವೆಡೆ ಹಳೆಯ ಟೈರನ್ನೂ. ನಾವು ಸಂಜೆ ಖಾರ ಬೆರೆಸಿ, ಮೆಣಸಿನಕಾಯಿ ಬಜ್ಜಿಯ ಜೊತೆ ಮೆಲ್ಲುವ ಮಂಡಕ್ಕಿಯ ಹಿಂದೆ ಆ ಹೊಗೆಯಿದೆ.

ತಿಂಗಳಾದ ಮೇಲೆ ನಾವು ಮೊಹಲ್ಲಾದ ಶಾದಿಮಹಲಿನಲ್ಲಿ ಒಂದು ದಿನದ ಪ್ರದರ್ಶನ ಇಟ್ಟೆವು. ದೊಡ್ಡದೇನಲ್ಲ. ಮಕ್ಕಳು ಲಾಡಿ ಹುಳುವಿನ ಚಕ್ರವನ್ನು ಡ್ರಾಯಿಂಗ್ ಹಾಳೆಯಲ್ಲಿ ಬರೆದಿದ್ದರು. ಒಬ್ಬರ ಮನೆಯಿಂದ ಅಜ್ಜ ಹಕೀಮರ ಕಲ್ಲಿನ ಖರಲು ಬಂತು, ಇನ್ನೊಬ್ಬರ ಮನೆಯಿಂದ ಗಾಜಿನ ಸಿರಿಂಜನ್ನು ಕುದಿಸುತ್ತಿದ್ದ ಸ್ಟೀಲ್ ಡಬ್ಬಿ. ಕಂಪೌಂಡರ್ ಸಾಹೇಬರು ಮಿಕ್ಸ್‌ಚರ್ ಬಾಟಲಿಗೆ ಗುಕ್ಕಿನ ಅಳತೆಯ ಕಾಗದ ಕತ್ತರಿಸಿ ಅಂಟಿಸುವುದನ್ನು ಮಾಡಿ ತೋರಿಸಿದರು. ಮಕ್ಕಳಿಗೆ ಅದೇ ಎಲ್ಲಕ್ಕಿಂತ ಹಿಡಿಸಿತು. ಎಡತೋಳಿನಲ್ಲಿ ಸಿಡುಬಿನ ಲಸಿಕೆಯ ಗುರುತಿದ್ದ ಹಿರಿಯ ಹೆಂಗಸರು ತಾವಾಗಿಯೇ ಮಕ್ಕಳಿಗೆ ತೋಳು ತೋರಿಸಿದರು. ಸಿಡುಬು ಜಗತ್ತಿನಿಂದಲೇ ಹೋಯಿತೆಂದು 1980ರಲ್ಲಿ ಸಾರಿದ ಮೇಲೆ ಹುಟ್ಟಿದವರ ತೋಳಿನಲ್ಲಿ ಆ ಗುರುತಿಲ್ಲ. ಸುದ್ದಿ ಕೇಳಿ ಪಕ್ಕದ ಓಣಿಗಳಿಂದ ಹಿಂದೂ ಗೆಳೆಯರೂ ಬಂದರು. ಮಧ್ಯಾಹ್ನದ ಹೊತ್ತಿಗೆ ವೈದ್ಯರೊಬ್ಬರು ಕುಳಿತು ಉಸಿರಿನ ತೊಂದರೆಯವರನ್ನು ನೋಡಿದರು. ಭಟ್ಟಿಯ ಹೆಂಗಸರೇ ಹೆಚ್ಚು ಬಂದದ್ದು.

ಚಾಚಾ ತಮ್ಮ ಎದೆಯ ಎಕ್ಸ್‌ರೇ ತಂದಿದ್ದರು. ಅದನ್ನು ಕಿಟಕಿಯ ಬೆಳಕಿಗೆ ಅಂಟಿಸಿ, ಕೆಳಗೆ 'ಹತ್ತಿ ಗಿರಣಿ ಕಾರ್ಮಿಕರೊಬ್ಬರ ಶ್ವಾಸಕೋಶ' ಎಂದು ಚೀಟಿ ಬರೆದೆವು. ಅವರು ಕನ್ನಡಕ ಏರಿಸಿಕೊಂಡು ನಿಧಾನಕ್ಕೆ ಓದಿದರು.

"ಒಬ್ಬರ ಅಂದ್ರೆ ಯಾರು? ನನ್ ಹೆಸರು ಹಾಕ್ರಿ" ಎಂದರು.

ಹುಡುಗನೊಬ್ಬ ಸ್ಕೆಚ್ ಪೆನ್ನು ತಂದ. ಚಾಚಾ ತಮ್ಮ ಹೆಸರು, ತಂದೆಯ ಹೆಸರು, ಗಿರಣಿಯ ಖಾತೆ, ಟೋಕನ್ ನಂಬರು ಹೇಳುತ್ತ ಹೋದರು. ಅವನು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ. ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು.